ಮಿಗ್-21ರ ಮೂತಿಯೂ ಕ್ಯಾಮೆರಾ ನಿಂತ ಜಾಗವೂ

ಯುದ್ಧವಿಮಾನದ ದೊಡ್ಡ ಪ್ಲಾಸ್ಟಿಕ್ ಕಿಟ್ ಒಂದನ್ನು ಜೋಡಿಸಲು ಕುಳಿತವರಲ್ಲಿ ಹೆಚ್ಚಿನವರು ಮೊದಲು ನಿಜವಾದ ವಿಮಾನದ ಫೋಟೊ ಹುಡುಕಿ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಆಮೇಲೆ ಆ ಫೋಟೊದಂತೆ ಕಾಣದ ಭಾಗವನ್ನು ಗುರುತಿಸಿ ಗರಗಸ ಹಿಡಿಯುತ್ತಾರೆ. ಫೋಟೊ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಫೋಟೊ ಸುಳ್ಳು ಹೇಳುವುದಿಲ್ಲವೆಂಬುದು ನಿಜವೇ. ಆದರೆ ಅದು ಹೇಳುವುದು ವಿಮಾನದ ಆಕಾರವನ್ನಷ್ಟೇ ಅಲ್ಲ, ಕ್ಯಾಮೆರಾ ಎಷ್ಟು ದೂರದಲ್ಲಿ ನಿಂತಿತ್ತು ಎಂಬುದನ್ನೂ ಅದು ಅದೇ ಉಸಿರಿನಲ್ಲಿ ಹೇಳುತ್ತಿರುತ್ತದೆ. ಈ ಎರಡನ್ನೂ ಬೇರ್ಪಡಿಸದೆ ಮಾದರಿಯ ಮೇಲೆ ಕೈಹಾಕಿದರೆ ಸರಿಯಿದ್ದುದನ್ನು ಕೆಡಿಸಿಕೊಳ್ಳುತ್ತೇವೆ.

ನಾನು ಹಾಗೆ ಕೆಡಿಸಿದ್ದೇನೆ. ಮಿಗ್-21ರ ಹಲವು ಬಗೆಗಳಲ್ಲಿ ಒಂದಾದ ಎಂಎಫ್‌ನ 1/32 ಅಳತೆಯ ಮಾದರಿಯನ್ನು ಜೋಡಿಸುವಾಗ, ಎದುರಿನಿಂದ ತೆಗೆದ ಒಂದು ಫೋಟೊಕ್ಕೆ ಹೋಲಿಸಿ ನೋಡಿದೆ. ಮಾದರಿಯ ಮೂತಿ, ಅಂದರೆ ಎಂಜಿನ್ನಿಗೆ ಗಾಳಿ ಒಳಹೋಗುವ ದುಂಡನೆಯ ಬಾಯಿ, ಚಿಕ್ಕದಾಯಿತೆಂದು ಅನ್ನಿಸಿತು. ಮೂತಿಯನ್ನು ಉದ್ದಕ್ಕೆ ನಾಲ್ಕು ಕಡೆ ಸೀಳಿ, ಸೀಳುಗಳಲ್ಲಿ ಪ್ಲಾಸ್ಟಿಕ್ ಹಾಳೆಯ ತುಂಡುಗಳನ್ನು ತುರುಕಿ, ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ಮೂರು ಸಂಜೆ ಉಜ್ಜಿದೆ. ಎಲ್ಲ ಮುಗಿದ ಮೇಲೆ ವರ್ನಿಯರ್ ಕ್ಯಾಲಿಪರ್ ಇಟ್ಟು ನೋಡಿದರೆ ಹೊರವ್ಯಾಸ 29.5 ಮಿಲಿಮೀಟರ್ ಆಗಿತ್ತು. ಅದನ್ನು 32ರಿಂದ ಗುಣಿಸಿದರೆ 944 ಮಿಲಿಮೀಟರ್. ನಿಜವಾದ ವಿಮಾನದಲ್ಲಿ ಅದು 870 ಮಿಲಿಮೀಟರ್. ಕಿಟ್‌ನಲ್ಲಿ ಇದ್ದ ಮೂಲ ಅಳತೆ ಎಷ್ಟಿತ್ತೆಂದು ಬಳಿಕ ಇನ್ನೊಂದು ಪ್ರತಿಯ ಮೇಲೆ ಅಳೆದೆ: 27.2 ಮಿಲಿಮೀಟರ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿಯಾಗಿತ್ತು.

ಹಾಗಾದರೆ ಆ ಫೋಟೊದಲ್ಲಿ ಮೂತಿ ಅಷ್ಟು ದೊಡ್ಡದಾಗಿ ಕಂಡದ್ದು ಏಕೆ?

ಮದುವೆಮನೆಯ ಗುಂಪುಚಿತ್ರವನ್ನು ನೆನಪಿಸಿಕೊಳ್ಳಿ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕಾಲು ಚಾಚಿ ಕುಳಿತ ಹುಡುಗನ ಪಾದಗಳು ಹಿಂದೆ ನಿಂತ ಸೋದರಮಾವನ ಮುಖಕ್ಕಿಂತ ದೊಡ್ಡದಾಗಿ ಬಂದಿರುತ್ತವೆ. ಹುಡುಗನ ಪಾದಕ್ಕೆ ಏನೋ ಆಗಿದೆಯೆಂದು ಯಾರೂ ವೈದ್ಯರ ಬಳಿ ಓಡುವುದಿಲ್ಲ. ಕೈ ಚಾಚಿ ತೆಗೆದುಕೊಂಡ ಸೆಲ್ಫಿಯಲ್ಲಿ ಮೂಗು ದಪ್ಪವಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುವುದೂ ಇದೇ ಕಾರಣಕ್ಕೆ. ಒಂದು ವಸ್ತು ಎರಡು ಪಟ್ಟು ದೂರ ಹೋದರೆ ಅರ್ಧದಷ್ಟಾಗಿ ಕಾಣುತ್ತದೆ, ಮೂರು ಪಟ್ಟು ಹೋದರೆ ಮೂರರಲ್ಲಿ ಒಂದರಷ್ಟು. ಹೆಬ್ಬೆರಳಿನಿಂದ ಚಂದ್ರನನ್ನು ಮುಚ್ಚಬಲ್ಲ ಮಗುವಿಗೂ ಈ ನಿಯಮ ಗೊತ್ತು. ಆದರೆ ವಿಮಾನದ ವಿಷಯಕ್ಕೆ ಬಂದಾಗ ನಾವು ಅದನ್ನು ಮರೆಯುತ್ತೇವೆ, ಏಕೆಂದರೆ ವಿಮಾನವನ್ನು ಒಂದೇ ವಸ್ತುವೆಂದು ತಿಳಿದಿರುತ್ತೇವೆ. ಅದರ ಮೂತಿ ನಮ್ಮ ಹತ್ತಿರದಲ್ಲೂ ರೆಕ್ಕೆಯ ತುದಿ ಬಹಳ ಹಿಂದೆಯೂ ಇರುತ್ತದೆಂಬುದು ಗಮನಕ್ಕೆ ಬರುವುದಿಲ್ಲ.

ಮಿಗ್-21ರ ರೆಕ್ಕೆಗಳು ತ್ರಿಕೋನಾಕಾರದವು, ಮುಂದಂಚು 57 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದೆ. ಹೀಗಾಗಿ ರೆಕ್ಕೆತುದಿಗಳು ಮೂತಿಗಿಂತ ಬಹಳ ಹಿಂದೆ ಉಳಿಯುತ್ತವೆ. ಲೆಕ್ಕ ಸುಲಭವಾಗಲೆಂದು ಆ ಅಂತರವನ್ನು 8 ಮೀಟರ್ ಎಂದಿಟ್ಟುಕೊಳ್ಳೋಣ. ರೆಕ್ಕೆಯ ಪೂರ್ಣ ಅಗಲ 7,154 ಮಿಲಿಮೀಟರ್. ಇದನ್ನು ಮೂತಿಯ 870 ಮಿಲಿಮೀಟರಿನಿಂದ ಭಾಗಿಸಿದರೆ 8.2 ಬರುತ್ತದೆ, ಅಂದರೆ ರೆಕ್ಕೆಯ ಅಗಲದಲ್ಲಿ ಎಂಟು ಮೂತಿಗಳನ್ನು ಸಾಲಾಗಿ ಇಡಬಹುದು. ಈಗ ಛಾಯಾಗ್ರಾಹಕ ಮೂತಿಯಿಂದ 8 ಮೀಟರ್ ದೂರದಲ್ಲಿ ನೇರವಾಗಿ ಎದುರು ನಿಂತಿದ್ದಾನೆ. ಅವನಿಗೆ ರೆಕ್ಕೆತುದಿ 16 ಮೀಟರ್ ದೂರದಲ್ಲಿದೆ, ಮೂತಿಯ ಎರಡು ಪಟ್ಟು. ಆದ್ದರಿಂದ ಅವನ ಫೋಟೊದಲ್ಲಿ ಅಳೆದರೆ ಅನುಪಾತ 8.2 ಅಲ್ಲ, 4.1. ಮೂತಿ ತನ್ನ ನಿಜವಾದ ಗಾತ್ರದ ಎರಡು ಪಟ್ಟು ಉಬ್ಬಿದಂತೆ ಕಾಣುತ್ತದೆ. ಅದೇ ವ್ಯಕ್ತಿ 80 ಮೀಟರ್ ಹಿಂದೆ ಹೋಗಿ ನಿಂತರೆ ಮೂತಿ 80, ರೆಕ್ಕೆತುದಿ 88. ಅನುಪಾತ ಸುಮಾರು 7.5ಕ್ಕೆ ಏರುತ್ತದೆ. ವಿಮಾನ ಒಂದೇ, ದಿನ ಒಂದೇ, ಕ್ಯಾಮೆರಾ ಒಂದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು, ಏಕೆಂದರೆ ಅನುಭವಿಗಳೂ ಅದನ್ನು ಹೇಳುತ್ತಾರೆ. ಮೂತಿಯನ್ನು ಉಬ್ಬಿಸುವುದು ವೈಡ್ ಆ್ಯಂಗಲ್ ಲೆನ್ಸ್ ಎಂಬ ಮಾತು ಅದು. ಇದು ಲೆನ್ಸಿನ ಕೆಲಸವಲ್ಲ. ಒಂದೇ ಜಾಗದಲ್ಲಿ ನಿಂತು ವೈಡ್ ಲೆನ್ಸಿನಿಂದ ಒಂದು, ಟೆಲಿ ಲೆನ್ಸಿನಿಂದ ಒಂದು ಫೋಟೊ ತೆಗೆಯಿರಿ. ಮೊದಲಿನದರ ನಡುಭಾಗವನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿದರೆ ಅದು ಎರಡನೆಯದರ ಮೇಲೆ ಗೆರೆಗೆ ಗೆರೆ ಕೂರುತ್ತದೆ. ವೈಡ್ ಲೆನ್ಸ್ ಇದ್ದಾಗ ಮನುಷ್ಯ ಹತ್ತಿರ ಹೋಗುತ್ತಾನೆ, ಹತ್ತಿರ ಹೋದದ್ದರಿಂದ ಮೂತಿ ಉಬ್ಬುತ್ತದೆ, ದೂಷಣೆ ಲೆನ್ಸಿನ ಪಾಲಿಗೆ ಬರುತ್ತದೆ. ನೇರ ಗೆರೆಗಳನ್ನು ಅಂಚಿನಲ್ಲಿ ಬಗ್ಗಿಸುವ ದೋಷ ಕೆಲವು ಲೆನ್ಸುಗಳಲ್ಲಿ ಇರುವುದು ಹೌದು, ಆದರೆ ಅದು ಬೇರೆಯ ಸಂಗತಿ, ಅದನ್ನು ಸಾಫ್ಟ್‌ವೇರ್ ತಿದ್ದಬಲ್ಲದು. ನಿಂತ ಜಾಗವನ್ನು ಯಾವ ಸಾಫ್ಟ್‌ವೇರೂ ಬದಲಿಸಲಾರದು.

ಈ ಸತ್ಯವನ್ನು ಮೊದಲು ಪ್ರಯೋಗ ಮಾಡಿ ತೋರಿಸಿದ ಮನುಷ್ಯನ ಬಗ್ಗೆ ನನಗೆ ತುಂಬ ಗೌರವವಿದೆ. 15ನೇ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಅಲ್ಲಿಯ ಬ್ಯಾಪ್ಟಿಸ್ಟರಿ ಕಟ್ಟಡದ ಚಿತ್ರವನ್ನು ಒಂದು ಹಲಗೆಯ ಮೇಲೆ ಬರೆದು, ಹಲಗೆಗೆ ಒಂದು ತೂತು ಕೊರೆದ. ನೋಡುವವನು ಹಲಗೆಯ ಹಿಂಬದಿಗೆ ಒಂದು ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಚಿತ್ರದ ಪ್ರತಿಬಿಂಬವನ್ನು ನೋಡಬೇಕು. ಚಿತ್ರದ ಕಡೆಯಲ್ಲಿ ಆ ತೂತು ಒಂದು ಮಸೂರ ಬೇಳೆಯಷ್ಟು ಚಿಕ್ಕದಿತ್ತೆಂದು ಅವನ ಜೀವನಚರಿತ್ರೆ ಬರೆದ ಮಾನೆಟ್ಟಿ ದಾಖಲಿಸಿದ್ದಾನೆ. ನಮ್ಮ ಅಡುಗೆಮನೆಯ ಚನ್ನಂಗಿ ಬೇಳೆಯೂ ಅದೇ. ಲೆನ್ಸಿಗೆ ನಾವು ಕೊಟ್ಟ ಮಸೂರ ಎಂಬ ಹೆಸರು ಬಂದದ್ದೂ ಆ ಬೇಳೆಯ ಆಕಾರದಿಂದಲೇ. ಇಷ್ಟು ಸಣ್ಣ ತೂತು ಬೇಕಾದದ್ದು ಏಕೆಂದರೆ, ಆ ಚಿತ್ರ ಒಂದೇ ಒಂದು ಬಿಂದುವಿನಿಂದ ನೋಡಿದರೆ ಮಾತ್ರ ನಿಜ. ಕಣ್ಣನ್ನು ಅಂಗೈ ಅಗಲ ಸರಿಸಿದರೂ ಅದು ತಪ್ಪಾಗುತ್ತದೆ. ಪ್ರತಿಯೊಂದು ಫೋಟೊಕ್ಕೂ ಅಂಥದೊಂದು ತೂತು ಇದೆ, ಕಾಗದದ ಮೇಲೆ ಅದು ಕಾಣುವುದಿಲ್ಲ ಅಷ್ಟೆ.

ಈಗ ಮಾದರಿಯ ಕಡೆಗೆ ಬರೋಣ, ಏಕೆಂದರೆ ನನ್ನನ್ನು ಮರುಳು ಮಾಡಿದ ಸಂಗತಿ ಇರುವುದು ಇಲ್ಲಿ. ವಿಮಾನವನ್ನು 32 ಪಟ್ಟು ಕುಗ್ಗಿಸಿದಾಗ ನೋಡುವ ದೂರವನ್ನೂ 32 ಪಟ್ಟು ಕುಗ್ಗಿಸಬೇಕು. ಮಾದರಿಯನ್ನು ಕೈಯಲ್ಲಿ ಹಿಡಿದು 30 ಸೆಂಟಿಮೀಟರಿನಿಂದ ನೋಡುವವನು ನಿಜವಾದ ವಿಮಾನವನ್ನು 9.6 ಮೀಟರಿನಿಂದ ನೋಡುತ್ತಿದ್ದಾನೆ. ಮಾದರಿಯನ್ನು ಮೇಜಿನ ಆಚೆ ತುದಿಯಲ್ಲಿಟ್ಟು ಎರಡೂವರೆ ಮೀಟರಿನಿಂದ ನೋಡುವವನು ವಿಮಾನದಿಂದ 80 ಮೀಟರ್ ದೂರದಲ್ಲಿ ನಿಂತಿದ್ದಾನೆ. ನಾನು ಮಾಡಿದ ತಪ್ಪೇನೆಂದರೆ, ಏಳೆಂಟು ಮೀಟರಿನಿಂದ ತೆಗೆದ ಫೋಟೊವನ್ನು ಕಪಾಟಿನ ಮೇಲಿಟ್ಟ, ಎರಡು ಮೀಟರ್ ದೂರದ ಮಾದರಿಯೊಂದಿಗೆ ಹೋಲಿಸಿದ್ದು. ಫೋಟೊ ವಿಮಾನದ ಮುಂದೆಯೇ ನಿಂತಿತ್ತು, ನಾನು ಮೈದಾನದ ಆಚೆ ತುದಿಯಲ್ಲಿ ನಿಂತಿದ್ದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ತತ್ವವನ್ನು ಸೇನೆಗಳು ಚೆನ್ನಾಗಿ ಬಳಸಿಕೊಂಡಿದ್ದವು. ದೂರದಲ್ಲಿ ಕಾಣುವ ವಿಮಾನ ಶತ್ರುವಿನದೋ ತಮ್ಮದೋ ಎಂದು ಕ್ಷಣದಲ್ಲಿ ಗುರುತಿಸಲು ಸೈನಿಕರಿಗೆ ತರಬೇತಿ ಕೊಡಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 50 ಬಗೆಯ ವಿಮಾನಗಳ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಹೊರಟಿತು. ಎಲ್ಲವೂ 1/72 ಅಳತೆಯವು, ಆರು ಅಡಿಯ ಮನುಷ್ಯ ಒಂದು ಅಂಗುಲವಾಗುವ ಅಳತೆ. ಅಂಥ ಮಾದರಿಯನ್ನು ಕೋಣೆಯ ಆಚೆ ಬದಿಯಲ್ಲಿ 10 ಮೀಟರ್ ದೂರದಲ್ಲಿ ಹಿಡಿದರೆ, 720 ಮೀಟರ್ ದೂರದ ನಿಜವಾದ ವಿಮಾನ ಹೇಗೆ ಕಾಣುತ್ತದೋ ಹಾಗೆಯೇ ಕಾಣುತ್ತದೆ. ಅಲ್ಲಿ ಒಂದು ತಪ್ಪು ರೇಖೆ ತಮ್ಮವರ ಮೇಲೆಯೇ ಗುಂಡು ಹಾರಿಸುವುದಕ್ಕೆ ದಾರಿಯಾಗಬಹುದಿತ್ತು.

ಇದಕ್ಕೆ ಒಂದು ಕಣ್ಣಿನ ಮಾತೂ ಸೇರುತ್ತದೆ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 63 ಮಿಲಿಮೀಟರ್. ಮಾದರಿಯ ಲೋಕದಲ್ಲಿ ಅದು 32 ಪಟ್ಟು, ಅಂದರೆ ಎರಡು ಮೀಟರ್. ಕಣ್ಣುಗಳ ನಡುವೆ ಎರಡು ಮೀಟರ್ ಅಂತರವಿರುವ ರಾಕ್ಷಸನೊಬ್ಬ ವಿಮಾನದ ಮುಂದೆ ಬಗ್ಗಿ ನೋಡಿದರೆ ಅವನಿಗೆ ವಿಮಾನ ಆಟಿಕೆಯಂತೆಯೇ ಕಾಣುತ್ತದೆ, ಮೂತಿಯ ಎರಡೂ ಬದಿಗಳು ಒಟ್ಟಿಗೇ ಕಾಣುತ್ತವೆ. ಆದ್ದರಿಂದ ಮಾದರಿಯನ್ನು ಪರೀಕ್ಷಿಸುವಾಗ ಒಂದು ಕಣ್ಣನ್ನು ಮುಚ್ಚಬೇಕು. ಬ್ರುನೆಲೆಸ್ಕಿಯ ತೂತಿನಲ್ಲೂ ಒಂದೇ ಕಣ್ಣಿಗೆ ಜಾಗವಿತ್ತು.

ಫೋಟೊ ತೆಗೆದವನು ಎಲ್ಲಿ ನಿಂತಿದ್ದನೆಂದು ತಿಳಿಯುವುದು ಕಷ್ಟವೆನ್ನಿಸಬಹುದು. ಆದರೆ ನೇರ ಎದುರಿನ ಫೋಟೊವಾದರೆ ಅದಕ್ಕೆ ಶಾಲೆಯ ಗಣಿತ ಸಾಕು. ಪರದೆಯ ಮೇಲೆ ರೆಕ್ಕೆಯ ಅಗಲವನ್ನೂ ಮೂತಿಯ ವ್ಯಾಸವನ್ನೂ ಅಳೆದು ಭಾಗಿಸಿ. ಉತ್ತರ 6.15 ಬಂತೆನ್ನಿ. ಅದು 8.2ರ ಮುಕ್ಕಾಲು ಭಾಗ. ಹಾಗೆಂದರೆ ಮೂತಿಯ ದೂರವು ರೆಕ್ಕೆತುದಿಯ ದೂರದ ಮುಕ್ಕಾಲು ಭಾಗ. ನಡುವಿನ 8 ಮೀಟರ್ ಉಳಿದ ಕಾಲು ಭಾಗ. ಕ್ಯಾಮೆರಾ ಮೂತಿಯಿಂದ 24 ಮೀಟರ್ ದೂರದಲ್ಲಿತ್ತು. 24ನ್ನು 32ರಿಂದ ಭಾಗಿಸಿ: 75 ಸೆಂಟಿಮೀಟರ್. ಮಾದರಿಯ ಮೂತಿಯಿಂದ 75 ಸೆಂಟಿಮೀಟರ್ ದೂರದಲ್ಲಿ ಫೋನನ್ನು ನಿಲ್ಲಿಸಿ ಫೋಟೊ ತೆಗೆದರೆ, ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಹೋಲಿಸುವ ಅಧಿಕಾರ ಆಗ ನಮಗೆ ಬರುತ್ತದೆ. ಎರಡು ಅಳತೆಗಳು ಖಚಿತವಾಗಿ ಗೊತ್ತಿರಬೇಕು ಅಷ್ಟೆ, ಉಳಿದುದನ್ನು ಫೋಟೊವೇ ಹೇಳಿಕೊಡುತ್ತದೆ.

ಅಳತೆ ಹುಡುಕುವಾಗ ಯಾವ ಮಿಗ್-21 ಎಂಬುದನ್ನು ನೋಡಿಕೊಳ್ಳಬೇಕು. ನಮ್ಮ ವಾಯುಪಡೆಗೆ 1963ರಲ್ಲಿ ಬಂದ ಮೊದಲ ವಿಮಾನಗಳು ಎಫ್-13 ಮಾದರಿಯವು. ಇಲ್ಲಿ ಅವುಗಳನ್ನು ಟೈಪ್ 74 ಎಂದು ಕರೆಯುತ್ತಿದ್ದರು. ಅವುಗಳ ಮೂತಿ 690 ಮಿಲಿಮೀಟರ್ ಮಾತ್ರ. ಮುಂದಿನ ಪಿಎಫ್ ಮಾದರಿಯಲ್ಲಿ ದೊಡ್ಡ ರೇಡಾರನ್ನು ಮೂತಿಯ ನಡುವಿನ ಶಂಕುವಿನೊಳಗೆ ಇಡಬೇಕಾಯಿತು, ಶಂಕು ದಪ್ಪವಾಯಿತು, ಗಾಳಿಗೆ ಜಾಗ ಬಿಡಲು ಸುತ್ತಲಿನ ಬಾಯಿಯನ್ನೂ 870ಕ್ಕೆ ಹಿಗ್ಗಿಸಿದರು. ಗಾಳಿಯ ವೇಗ ಅಳೆಯುವ ಉದ್ದನೆಯ ಕೊಳವೆ ಎಫ್-13ರಲ್ಲಿ ಮೂತಿಯ ಕೆಳಗಿತ್ತು, ಪಿಎಫ್‌ನಲ್ಲಿ ಮೇಲಕ್ಕೆ ಬಂತು, ಎಂಎಫ್‌ನಲ್ಲಿ ನಡುವಿನಿಂದ ತುಸು ಪೈಲಟ್‌ನ ಬಲಕ್ಕೆ ಸರಿಯಿತು. ಕೊಳವೆ ಎಲ್ಲಿದೆಯೆಂದು ನೋಡಿದರೆ ಫೋಟೊದಲ್ಲಿರುವುದು ಯಾವುದೆಂಬ ಅರ್ಧ ಉತ್ತರ ಸಿಗುತ್ತದೆ. ನಿಂತ ವಿಮಾನದಲ್ಲಿ ಶಂಕು ಹಿಂದಕ್ಕೆ ಸರಿದಿರುತ್ತದೆ, ಧ್ವನಿಗಿಂತ ಹೆಚ್ಚು ವೇಗದಲ್ಲಿ ಹಾರುವಾಗ ಮಾತ್ರ ಅದು ಮುಂದಕ್ಕೆ ಚಾಚುತ್ತದೆ. ಚಕ್ರಗಳ ಮೇಲೆ ನಿಂತ ಮಾದರಿಯಲ್ಲಿ ಶಂಕುವನ್ನು ಪೂರ್ತಿ ಮುಂದೆ ಅಂಟಿಸುವುದು ತಪ್ಪು.

ಮೇಲ್ಮೈಯ ರಿವೆಟ್ಟುಗಳ ವಿಷಯ ಚಿಕ್ಕದು. ಅರ್ಧ ಮಿಲಿಮೀಟರ್ ಗುಳಿ ಕೊರೆದರೆ ನಿಜದಲ್ಲಿ ಅದು 16 ಮಿಲಿಮೀಟರ್, ಹೆಬ್ಬೆರಳಿನ ಉಗುರಿನಷ್ಟು ಅಗಲ. ಅಂಥ ರಿವೆಟ್ಟು ಆ ವಿಮಾನದ ಚರ್ಮದ ಮೇಲೆ ಇರಲಿಲ್ಲ. ತೆಳುವಾಗಿ ಪ್ರೈಮರ್ ಹೊಡೆದು ತುಂಬಿಬಿಡುವುದೇ ಒಳ್ಳೆಯದು.

ಎರಡನೆಯ ಕಿಟ್‌ನಲ್ಲಿ ನಾನು ಗರಗಸ ಮುಟ್ಟುವ ಮೊದಲು, 24 ಮೀಟರಿನಿಂದ ತೆಗೆದ ಇನ್ನೊಂದು ಫೋಟೊ ಹಿಡಿದು ಈ ಲೆಕ್ಕ ಮಾಡಿದೆ. 75 ಸೆಂಟಿಮೀಟರಿನಿಂದ ತೆಗೆದ ಮಾದರಿಯ ಚಿತ್ರ ಆ ಫೋಟೊದ ಮೇಲೆ ಸರಿಯಾಗಿ ಕೂತಿತು, ಮೂತಿಯ ಹೊರಸುತ್ತು ಪೂರ್ತಿ ಹೊಂದಿತು. ಆದರೂ ಬಾಯಿ ಚಿಕ್ಕದೆನ್ನಿಸುವುದು ಪೂರ್ತಿ ಹೋಗಲಿಲ್ಲ. ಕಣ್ಣಿಗೆ ಏನೋ ಸಿಕ್ಕಿತ್ತು, ಅದರ ಕಾರಣವನ್ನು ನಾನು ತಪ್ಪು ಜಾಗದಲ್ಲಿ ಹುಡುಕಿದ್ದೆ. ಕ್ಯಾಲಿಪರನ್ನು ಈ ಬಾರಿ ಮೂತಿಯ ತುಟಿಯ, ಅಂದರೆ ಆ ದುಂಡನೆಯ ಬಾಯಿಯ ಅಂಚಿನ, ಮೇಲೆ ಅಡ್ಡವಾಗಿ ಇಟ್ಟೆ. ಪ್ಲಾಸ್ಟಿಕ್ಕಿನ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. ವಿಮಾನದಲ್ಲಿ ಅದು 32 ಮಿಲಿಮೀಟರ್ ದಪ್ಪದ ತುಟಿ! ಧ್ವನಿಯ ಎರಡು ಪಟ್ಟು ವೇಗದ ಗಾಳಿಯನ್ನು ಸೀಳಬೇಕಾದ ತುಟಿ ತೆಳುವಾದ ಅಂಚಾಗಿರುತ್ತದೆ, ಅಷ್ಟು ಮೊಂಡಾಗಿರುವುದಿಲ್ಲ. ಹೊರವ್ಯಾಸ 27.2 ಇದ್ದರೂ ಒಳಗಿನ ಕತ್ತಲೆಯ ವೃತ್ತ 25.2ಕ್ಕೆ ಇಳಿದಿತ್ತು. ನೋಡುವ ಕಣ್ಣು ಬಾಯಿಯೆಂದು ಗುರುತಿಸುವುದು ಆ ಕತ್ತಲೆಯನ್ನು.

ಉಪ್ಪುಕಾಗದವನ್ನು ಪೆನ್ಸಿಲ್‌ಗೆ ಸುತ್ತಿ, ಒಳಗಿನಿಂದ ಹೊರಕ್ಕೆ ಇಳಿಜಾರಾಗುವಂತೆ, ಹೊರಸುತ್ತನ್ನು ಮುಟ್ಟದೆ ಉಜ್ಜಿದೆ. ಅಂಚು ತೆಳುವಾಗುತ್ತಾ ಬಂದಂತೆ ದೀಪದ ಬೆಳಕು ಪ್ಲಾಸ್ಟಿಕ್ಕಿನ ಮೂಲಕ ಹಾಯತೊಡಗಿತು. ಅಲ್ಲಿಗೆ ನಿಲ್ಲಿಸಿ, ಒಳಭಾಗಕ್ಕೆ ಬಣ್ಣ ಹಚ್ಚಿ, ಶಂಕುವನ್ನು ಹಿಂದೆ ಸರಿಸಿ ಕೂರಿಸಿದೆ. ಆಮೇಲೆ ಟೇಪಿನಿಂದ 75 ಸೆಂಟಿಮೀಟರ್ ಅಳೆದು, ಗಲ್ಲವನ್ನು ಮೇಜಿಗೆ ಒತ್ತಿ, ಎಡಗಣ್ಣು ಮುಚ್ಚಿ ನೋಡಿದೆ. ರನ್‌ವೇಯ ಮೇಲೆ 24 ಮೀಟರ್ ಎದುರಿಗೆ ಒಂದು ಮಿಗ್-21 ನಿಂತಿತ್ತು.