ಬೆರಳು ಅದೇ ಇರುವಾಗ ಹೊಸ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಮತ್ತೆ ಲೈವ್ ಸ್ಕ್ಯಾನ್ ಯಾಕೆ?

ಓದುಗರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ನನ್ನದು ಎಚ್-4 ಇಎಡಿ, ಅಂದರೆ ಎಚ್-1ಬಿ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ. ವೀಸಾಗೆ ಬೆರಳಚ್ಚು ಕೊಟ್ಟಾಗಿದೆ. ಹೋದ ವರ್ಷ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ (ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಲೈವ್ ಸ್ಕ್ಯಾನ್ (ಅಪರಾಧ ಹಿನ್ನೆಲೆ ತಪಾಸಣೆಗೆ ಯಂತ್ರದಲ್ಲಿ ಬೆರಳಚ್ಚು ಕೊಡುವುದು) ಕೂಡ ಆಗಿತ್ತು. ಈಗ ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಪ್ಯಾರಾಎಜುಕೇಟರ್ (ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ) ಕೆಲಸ ಸಿಕ್ಕಿದೆ, ಅವರು ಮತ್ತೆ ಮಾಡಿಸಿ ಅನ್ನುತ್ತಿದ್ದಾರೆ. ಹಳೆಯದನ್ನೇ ತರಿಸಿಕೊಳ್ಳಬಾರದೇ?

ಉತ್ತರ: ತರಿಸಿಕೊಳ್ಳಲು ಬರುವುದಿಲ್ಲ. ಲೈವ್ ಸ್ಕ್ಯಾನ್ ಅಂದರೆ ಒಮ್ಮೆ ಪಡೆದು ಹೋದಲ್ಲೆಲ್ಲ ತೋರಿಸುವ ಪ್ರಮಾಣಪತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಬೆರಳಚ್ಚು ರಾಜ್ಯದ ನ್ಯಾಯ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. ಲೈವ್ ಸ್ಕ್ಯಾನ್ ಫಾರ್ಮಿನಲ್ಲಿ ಯಾವ ಸಂಸ್ಥೆಯ ಕೋಡ್ ಇದೆಯೋ ಆ ಸಂಸ್ಥೆಗೆ ಮಾತ್ರ ಉತ್ತರ ಬರುತ್ತದೆ. ಒಂದೇ ಕೌಂಟಿಯ ಕೆಲವು ಡಿಸ್ಟ್ರಿಕ್ಟ್‌ಗಳು ಒಪ್ಪಂದ ಮಾಡಿಕೊಂಡು ಒಟ್ಟಾಗಿ ತಪಾಸಣೆ ನಡೆಸುವುದುಂಟು. ಅದನ್ನು ಬಿಟ್ಟರೆ, ಬಂದ ಉತ್ತರವನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಉತ್ತರ ಕಳಿಸಿದ ಮೇಲೂ ನ್ಯಾಯ ಇಲಾಖೆ ನಿಮ್ಮ ಬೆರಳಚ್ಚನ್ನು ಇಟ್ಟುಕೊಂಡಿರುತ್ತದೆ. ನೀವು ಕೆಲಸದಲ್ಲಿರುವಷ್ಟು ಕಾಲ, ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಬಂಧನವಾದರೆ ಆ ಸುದ್ದಿ ಡಿಸ್ಟ್ರಿಕ್ಟ್‌ಗೆ ತಾನಾಗಿ ತಲುಪುತ್ತದೆ. ಕೆಲಸ ಬಿಟ್ಟಾಗ ‘ಇವರು ಈಗ ನಮ್ಮಲ್ಲಿಲ್ಲ’ ಎಂದು ಡಿಸ್ಟ್ರಿಕ್ಟ್ ತಿಳಿಸಬೇಕು, ಆಗ ಸುದ್ದಿ ನಿಲ್ಲುತ್ತದೆ. ಹೊಸ ಡಿಸ್ಟ್ರಿಕ್ಟ್ ಈ ವ್ಯವಸ್ಥೆಯನ್ನು ತನ್ನ ಹೆಸರಿನಲ್ಲಿ ಹೊಸದಾಗಿ ಮಾಡಿಕೊಳ್ಳಬೇಕು, ಅದಕ್ಕೇ ಮತ್ತೆ ಬೆರಳಚ್ಚು. ವೀಸಾಗೆ ಕೊಟ್ಟದ್ದು ವಲಸೆ ಇಲಾಖೆಯ ಬಳಕೆಗೆ. ಶಾಲೆಗೆ ಅದು ಸಿಗುವುದಿಲ್ಲ.

ಇಷ್ಟು ಬಿಗಿಯ ಹಿಂದೆ ಒಂದು ಸಾವಿದೆ. 1997ರ ಮೇ ತಿಂಗಳಲ್ಲಿ ಸ್ಯಾಕ್ರಮೆಂಟೊ ಬಳಿಯ ರಿಯೋ ಲಿಂಡಾ ಹೈಸ್ಕೂಲಿನಲ್ಲಿ ಮಿಷೆಲ್ ಮೊಂಟೋಯಾ ಎಂಬ ವಿದ್ಯಾರ್ಥಿನಿಯನ್ನು ಶಾಲೆಯ ಬದಲಿ ಜಾನಿಟರ್ ಕೊಂದ. ಆತ ಅದಕ್ಕೂ ಮೊದಲೇ ಒಬ್ಬರ ಪ್ರಾಣ ತೆಗೆದು ಜೈಲಿಗೆ ಹೋಗಿ ಬಂದವನು. ಬೆರಳಚ್ಚಿನ ಉತ್ತರ ಬರುವ ಮೊದಲೇ ಅವನನ್ನು ಕೆಲಸಕ್ಕೆ ಹಚ್ಚಿದ್ದರು. ಅದೇ ವರ್ಷ ಅವಳ ಹೆಸರಿನಲ್ಲೇ ಕಾನೂನು ಬಂತು. ಹಾಗಾಗಿ ‘ಕ್ಲಿಯರೆನ್ಸ್ ಬರುವವರೆಗೆ ಕೆಲಸ ಶುರು ಮಾಡುವಂತಿಲ್ಲ’ ಎಂದು ಎಚ್‌ಆರ್‌ನವರು ಹೇಳಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮಕ್ಕಳೂ ಇದೇ ಶಾಲೆಗಳಲ್ಲಿ ಓದುತ್ತಾರೆ.

ಬೆರಳಚ್ಚು ಕೊಡಲು ಹೋಗುವಾಗ ಚಾಲ್ತಿಯಲ್ಲಿರುವ ಫೋಟೋ ಐಡಿ ಒಯ್ಯಿರಿ. ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ: ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಐಡಿಯಲ್ಲಿ ಇರುವಂತೆಯೇ ಬರೆದು, ಹಿಂದೆ ಬಳಸಿದ ಹೆಸರುಗಳನ್ನು ಅದಕ್ಕೆಂದೇ ಇರುವ ಜಾಗದಲ್ಲಿ ತುಂಬಿ. ಪಾತ್ರೆ ತೊಳೆದು ಸವೆದ, ಚಳಿಗೆ ಒಣಗಿದ ಬೆರಳುಗಳ ಗೆರೆ ಸರಿಯಾಗಿ ಮೂಡದೆ ತಿರಸ್ಕೃತವಾಗುವುದುಂಟು. ಕೆಲವು ದಿನ ಮುಂಚಿನಿಂದಲೇ ಕೈಗೆ ಲೋಷನ್ ಹಚ್ಚಿಕೊಳ್ಳಿ. ಎಫ್‌ಬಿಐ ಎರಡು ಸಲ ತಿರಸ್ಕರಿಸಿದರೂ ಹೆಸರಿನ ಮೇಲೆ ಹುಡುಕುವ ದಾರಿ ಇದೆ.

ಸ್ಪೀಡಿಂಗ್ ಟಿಕೆಟ್ ಬಗ್ಗೆ ಹೆದರಬೇಡಿ. ಗಂಭೀರ ಹಾಗೂ ಹಿಂಸಾತ್ಮಕ ಅಪರಾಧ, ಲೈಂಗಿಕ ಅಪರಾಧ, ಮಾದಕ ವಸ್ತುವಿನ ಅಪರಾಧ, ಇವು ಕೆಲಸಕ್ಕೆ ಅಡ್ಡ ಬರುವಂಥವು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರೆ ಮಾತ್ರ ಅದು ದಾಖಲೆಯಲ್ಲಿ ಕಾಣಬಹುದು. ಅರ್ಜಿಯಲ್ಲಿ ಕೇಳಿದ್ದರೆ ಮುಚ್ಚಿಡಬೇಡಿ. ಎಷ್ಟೋ ಸಲ ಹಳೆಯ ತಪ್ಪಿಗಿಂತ ಸುಳ್ಳೇ ಕೆಲಸ ಕಳೆಯುತ್ತದೆ.

ಬೆರಳಚ್ಚು ಕೊಟ್ಟ ಮೇಲೆ ಫಾರ್ಮಿನ ಪ್ರತಿಯನ್ನು ಜೋಪಾನ ಮಾಡಿ. ಅದರಲ್ಲಿರುವ ಎಟಿಐ ನಂಬರ್ (ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ) ಹಾಕಿದರೆ ಅರ್ಜಿ ಎಲ್ಲಿದೆ ಎಂದು ನ್ಯಾಯ ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಯಾವುದೋ ದಾಖಲೆಗೆ ಹೊಂದಿದಂತೆ ಕಂಡರೆ ಸಿಬ್ಬಂದಿ ಕೂತು ಪರಿಶೀಲಿಸುತ್ತಾರೆ, ಆಗ ತಡವಾಗುತ್ತದೆ.

ಖರ್ಚು ರಾಜ್ಯಕ್ಕೆ 32 ಡಾಲರ್, ಎಫ್‌ಬಿಐಗೆ 17 ಡಾಲರ್, ಮೇಲೆ ಬೆರಳಚ್ಚು ತೆಗೆಯುವವರ ಶುಲ್ಕ. ಕೆಲವು ಡಿಸ್ಟ್ರಿಕ್ಟ್‌ಗಳು ತಾವೇ ಭರಿಸುತ್ತವೆ. ಫಾರ್ಮಿನಲ್ಲಿ ಬಿಲ್ಲಿಂಗ್ ನಂಬರ್ (ಡಿಸ್ಟ್ರಿಕ್ಟ್‌ನ ಲೆಕ್ಕಕ್ಕೆ ಖರ್ಚು ಹಾಕಲು ಬಳಸುವ ಸಂಖ್ಯೆ) ಅಚ್ಚಾಗಿದೆಯೇ ನೋಡಿ, ಇಲ್ಲದಿದ್ದರೆ ಹೋಗುವ ಮೊದಲೇ ಎಚ್‌ಆರ್‌ನವರನ್ನು ಕೇಳಿಬಿಡಿ.