ಓಟಿಪಿ ಯಾರಿಗೂ ಹೇಳಿಲ್ಲ, ಆದರೂ ದುಡ್ಡು ಹೋಯಿತಲ್ಲ?

ಪ್ರಶ್ನೆ: ಬೈಕಿಗೆ ಫೈನ್ ಬಿದ್ದಿದೆ ಅಂತ ವಾಟ್ಸಾಪಿಗೆ ಒಂದು ಫೈಲ್ ಬಂತು. ಒತ್ತಿದೆ, ಏನೇನೋ ಕೇಳಿತು, ಎಲ್ಲದಕ್ಕೂ ಸರಿ ಅಂದೆ. ಚಲನ್ ಮಾತ್ರ ಕಾಣಿಸಲಿಲ್ಲ. ಸಂಜೆಯೊಳಗೆ ಖಾತೆಯಿಂದ ದುಡ್ಡು ಹೋಗಿದೆ. ಓಟಿಪಿ ಯಾರಿಗೂ ಹೇಳಿಲ್ಲ. ಇದು ಹೇಗೆ? (ಓದುಗರು, ಬದಿಯಡ್ಕ)

ಉತ್ತರ: ನೀವು ಹೇಳಬೇಕಾಗಿಯೇ ಇರಲಿಲ್ಲ ಮಾರಾಯ್ರೇ, ಆ ಫೈಲೇ ಹೇಳಿಬಿಟ್ಟಿದೆ.

ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತ ಇಂಗ್ಲಿಷಿನ ಮೂರು ಅಕ್ಷರ ಇದ್ದರೆ ಅದು ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕುವ ಆ್ಯಪ್. ಬರೀ ಡೌನ್‌ಲೋಡ್ ಆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇನ್‌ಸ್ಟಾಲ್ ಮಾಡಿ, ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟರೆ ಕತೆ ಶುರು. ಬ್ಯಾಂಕಿನಿಂದ ಬರುವ ಓಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳನ ಫೋನಿಗೆ ಹೋಗಿರುತ್ತದೆ. ಕೆಲವು ಆ್ಯಪ್‌ಗಳು ಐಕಾನನ್ನೂ ಅಡಗಿಸುತ್ತವೆ, ಜೊತೆಗೆ ಅದೇ ಫೈಲನ್ನು ನಿಮ್ಮ ಹೆಸರಲ್ಲೇ ನೆಂಟರಿಗೆಲ್ಲ ಕಳಿಸುತ್ತವೆ. ಹಾಗಾಗಿ ಭಾವನ ನಂಬರಿನಿಂದ ಬಂತು ಅಂದ ಮಾತ್ರಕ್ಕೆ ನಂಬುವ ಹಾಗಿಲ್ಲ.

ನಮ್ಮ ಕಡೆ ಇದನ್ನು ನಂಬುವುದು ಸುಲಭ, ಅದಕ್ಕೆ ನಗಬೇಡಿ. ಕೇರಳದಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮೆರಾ ನೋಡಿ ಫೈನ್ ಹಾಕುತ್ತಾರೆ. ಕೆಎಲ್ 14ರ, ಅಂದರೆ ಕಾಸರಗೋಡಿನ ಗಾಡಿ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೆ ಆ ಕಡೆಯ ಫೈನ್ ಬೇರೆ. ಎಲ್ಲಿ, ಯಾವಾಗ ಬಿತ್ತು ಅಂತ ಯಾರಿಗೆ ನೆನಪಿರುತ್ತೆ? ಸಂಶಯ ಬಂದರೆ ಸರಕಾರದ ಪರಿವಾಹನ್‌ನ ಇ-ಚಲನ್ ಸೈಟನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ. ಬಂದ ಲಿಂಕ್ ಒತ್ತುವುದು ಬೇಡ.

ಈಗ ಏನು ಮಾಡಬೇಕು ಅಂದರೆ, ಮೊದಲು ಆ ಫೋನಿನ ನೆಟ್ ಆಫ್ ಮಾಡಿ. ಮನೆಯವರ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ ಬರ್ತೇನೆ, ಸೋಮವಾರ ನೋಡುವಾ ಅಂತ ಕೂರಬೇಡಿ. ಆರ್‌ಬಿಐ 2017ರಲ್ಲಿ ಮಾಡಿದ ನಿಯಮದ ಪ್ರಕಾರ, ತಪ್ಪು ಗ್ರಾಹಕರದ್ದೇ ಆಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ದುಡ್ಡು ಬ್ಯಾಂಕಿನ ಹೊಣೆ. ತಿಳಿಸುವವರೆಗಿನದ್ದು ನಿಮ್ಮದೇ. ಆಮೇಲೆ ಆ ಆ್ಯಪ್ ತೆಗೆಯಿರಿ. ಹೋಗದಿದ್ದರೆ ಫೋಟೋ, ನಂಬರ್ ಉಳಿಸಿಕೊಂಡು ಫೋನ್ ಫುಲ್ ರೀಸೆಟ್ ಮಾಡಿ. ಪಾಸ್‌ವರ್ಡ್, ಪಿನ್ ಬದಲಿಸುವುದು ಬೇರೆ ಫೋನಿನಿಂದ.

ಸೊಸೈಟಿ, ಶಾಲೆ, ಭಜನಾ ಮಂದಿರದ ಕಮಿಟಿಯವರಿಗೂ ಒಂದು ಮಾತು. ಲೆಕ್ಕದ ಖಾತೆಗೆ ಕಾರ್ಯದರ್ಶಿಯವರ ಸ್ವಂತ ಫೋನಿನ ನಂಬರ್ ಕೊಟ್ಟಿರುತ್ತೀರಿ, ಅದೇ ಫೋನಿನಲ್ಲಿ ಮಕ್ಕಳು ಗೇಮ್ ಆಡುತ್ತಿರುತ್ತಾರೆ. ಆ ಖಾತೆಗೆ ಯುಪಿಐ ಬೇಡ ಅಂತಾದರೆ ಬೇರೆ ಸಿಮ್ ತೆಗೆದು ಹಳೇ ಬಟನ್ ಫೋನಿಗೆ ಹಾಕಿಡಿ. ಎಪಿಕೆ ಅದರಲ್ಲಿ ಓಡುವುದೇ ಇಲ್ಲ.