ದನ ಮೇಯದಿದ್ದರೆ ಹೂವೂ ಇಲ್ಲ

ಪರಿಸರ ಉಳಿಸಬೇಕು ಅಂದ ತಕ್ಷಣ ನಮಗೆ ಮೊದಲು ಹೊಳೆಯುವುದು ಬೇಲಿ. ದನ, ಕುರಿಗಳನ್ನು ಆಚೆ ಅಟ್ಟಿ ಸುಮ್ನೆ ಬಿಟ್ಟರೆ ಸಾಕು, ಪ್ರಕೃತಿ ತಾನಾಗಿ ಚೇತರಿಸಿಕೊಳ್ಳುತ್ತದೆ ಅಂತ ನಂಬಿಕೊಂಡಿದ್ದೇವೆ. ಎಲ್ಲ ಕಡೆ ಇದು ನಿಜವಲ್ಲ. ಐರ್ಲೆಂಡಿನ ಪಶ್ಚಿಮಕ್ಕಿರುವ ಕ್ಲೇರ್ ಕೌಂಟಿಯ ಬರ್ರೆನ್ ಪ್ರದೇಶದಲ್ಲಂತೂ ಪೂರ್ತಿ ತಲೆಕೆಳಗು.

ಬರ್ರೆನ್ ಅಂದರೆ ಬೋಳು ಸುಣ್ಣಕಲ್ಲಿನ ಬೆಟ್ಟಗಳು. 1651ರಲ್ಲಿ ಇಲ್ಲಿಗೆ ಬಂದ ಇಂಗ್ಲೆಂಡಿನ ಕ್ರಾಮ್‌ವೆಲ್ ಪಡೆಯ ಸೇನಾನಿ ಎಡ್ಮಂಡ್ ಲಡ್ಲೋ, ಇಲ್ಲಿ ಒಬ್ಬನನ್ನು ಮುಳುಗಿಸಲು ನೀರಿಲ್ಲ, ನೇಣು ಹಾಕಲು ಮರವಿಲ್ಲ, ಹೂಳಲು ಮಣ್ಣಿಲ್ಲ ಎಂಬ ಮಾತನ್ನು ದಾಖಲಿಸಿದ. ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೂ ದನಗಳು ಕೊಬ್ಬಿವೆ, ಬಂಡೆಗಳ ನಡುವಿನ ಹುಲ್ಲು ಅಷ್ಟು ಸೊಗಸಾಗಿದೆ ಎಂದು ಅವನೇ ಮುಂದೆ ಹೇಳಿದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಗುಟ್ಟು ಇರುವುದೇ ಅಲ್ಲಿ.

ಬೇರೆ ಕಡೆ ಬೇಸಿಗೆಯಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆಯುತ್ತಾರೆ. ಬರ್ರೆನ್ನಿನವರು ಅಕ್ಟೋಬರ್ ಹೊತ್ತಿಗೆ, ಚಳಿ ಶುರುವಾಗುವಾಗ ಹೊಡೆಯುತ್ತಾರೆ! ಬೇಸಿಗೆಯಲ್ಲಿ ಕಾದ ಸುಣ್ಣಕಲ್ಲು ನಿಧಾನವಾಗಿ ತಣ್ಣಗಾಗುತ್ತದೆ, ಹಾಗಾಗಿ ಚಳಿಯಲ್ಲೂ ನೆಲ ಬೆಚ್ಚಗಿರುತ್ತದೆ. ಮಳೆನೀರು ಸಂದುಗಳಲ್ಲಿ ಇಳಿದುಹೋಗುವುದರಿಂದ ದನಕ್ಕೆ ಮಲಗಲು ಒಣ ಜಾಗ ಸಿಗುತ್ತದೆ.

ಈಗ ಹೂವಿನ ಕಡೆಗೆ ಬನ್ನಿ. ಇಲ್ಲಿ ಅರಳುವ ಜೆಂಟಿಯನ್ ಎಂಬ ಕಡುನೀಲಿ ಹೂವಿನ ಗಿಡ ಬೆರಳುದ್ದವೂ ಇರುವುದಿಲ್ಲ. ಎಲೆಗಳು ನೆಲಕ್ಕೆ ಅಂಟಿಕೊಂಡಿರುತ್ತವೆ. ಹುಲ್ಲಿಗೆ ಇರುವ ಬಲವೆಂದರೆ ಎತ್ತರ. ಬೇಸಿಗೆಯಲ್ಲಿ ಬೆಳೆದ ಹುಲ್ಲು ಚಳಿಗೆ ಒಣಗಿ, ಗಿಡದ ಮೇಲೆ ಕಂಬಳಿ ಹೊದಿಸಿದಂತೆ ಬೀಳುತ್ತದೆ. ಬೆಳಕಿಲ್ಲದೆ ಗಿಡ ಸೊರಗುತ್ತದೆ. ಚಳಿಗಾಲದ ದನ ಮೇಯುವುದು ಆ ಹುಲ್ಲನ್ನೇ. ಏಪ್ರಿಲ್ ಕೊನೆಗೆ ದನ ಕೆಳಗಿಳಿಯುತ್ತದೆ, ಮೇ ತಿಂಗಳಲ್ಲಿ ಹೂ ಅರಳುತ್ತದೆ. ಬೀಜ ಕಟ್ಟುವ ಕಾಲದಲ್ಲಿ ತುಳಿಯುವ ಗೊರಸೇ ಇಲ್ಲ. ಮಣ್ಣೂ ತೆಳು, ಸಾರ ಕಡಿಮೆ. ಹಾಗಾಗಿ ಹುಲ್ಲು ಮತ್ತೆ ಸೊಕ್ಕಿ ಎಲ್ಲವನ್ನೂ ಮುಚ್ಚುವುದಿಲ್ಲ.

ಕಳೆದ ಶತಮಾನದ ಕೊನೆಗೆ ಈ ಲೆಕ್ಕ ತಪ್ಪಿತು. ದೊಡ್ಡ ತಳಿಯ ದನ ಬಂದವು. ಅವಕ್ಕೆ ರಸಮೇವನ್ನು, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿಸಿದ ಹಸಿ ಹುಲ್ಲನ್ನು, ಬೆಟ್ಟಕ್ಕೇ ಹೊತ್ತು ಹಾಕತೊಡಗಿದರು. ಮೇವು ಬಾಯಿಗೇ ಬಂದರೆ ದನ ಯಾಕೆ ಬೆಟ್ಟ ಸುತ್ತುತ್ತದೆ? ಮೇವಿನ ಸುತ್ತ ಕೆಸರು, ಸಂದುಗಳಲ್ಲಿ ನೀರಿಗೆ ಇಳಿಯುವ ಸಗಣಿಯ ಸಾರ. ಉಳಿದ ಕಡೆ ಮೇಯದ ಹುಲ್ಲು, ಅದರ ಹಿಂದೆಯೇ ಹೇಜಲ್ ಪೊದೆ.

2005ರಲ್ಲಿ ಬರ್ರೆನ್‌ಲೈಫ್ ಎಂಬ ಯೋಜನೆ 20 ಹೊಲಮನೆಗಳಲ್ಲಿ ಪರಿಹಾರ ಹುಡುಕಿತು. ರಸಮೇವಿನ ಬದಲು ಸ್ವಲ್ಪವೇ ಹಿಂಡಿ. ಖನಿಜಾಂಶ ಸಿಕ್ಕಿತು, ಹೊಟ್ಟೆ ಮಾತ್ರ ತುಂಬಲಿಲ್ಲ. ದನ ಹುಲ್ಲು ಹುಡುಕಿಕೊಂಡು ಹೊರಟಿತು. ಎಷ್ಟು ಸರಳ, ಅಲ್ವಾ?

ನಮ್ಮ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಇದನ್ನು ಉಲ್ಟಾ ಮಾಡಿ ಕೈಸುಟ್ಟುಕೊಂಡೆವು. 1982ರಲ್ಲಿ ಅಲ್ಲಿ ಮೇಯಿಸುವುದನ್ನೇ ನಿಷೇಧಿಸಿದರು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಜನ ಸತ್ತರು. ಎಮ್ಮೆಗಳು ಹೋದ ಮೇಲೆ ಪಾಸ್ಪಾಲಮ್ ಹುಲ್ಲು ಕೆರೆಗಳನ್ನು ಕಟ್ಟಿಹಾಕಿತು, ನೀರುಹಕ್ಕಿಗಳಿಗೆ ಜಾಗ ಇಲ್ಲದಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವೇ ಇದನ್ನು ತೋರಿಸಿತು. ಆ ಸಾವುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬರ್ರೆನ್ನಿನಲ್ಲಿ 2010ರ ನಂತರ ಪ್ರತಿ ಹುಲ್ಲುಗಾವಲಿಗೂ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟರು. ಒಣಹುಲ್ಲು ಎಷ್ಟು ಉಳಿದಿದೆ, ನೀರಿನ ಸೆಲೆ ಹೇಗಿದೆ, ಪೊದೆ ಎಷ್ಟು ನುಗ್ಗಿದೆ ಎಂದು ನೋಡುತ್ತಾರೆ. ಅಂಕ ಏರಿದರೆ ರೈತನಿಗೆ ಸಿಗುವ ಹಣ ಏರುತ್ತದೆ. ಎಷ್ಟು ದನ, ಯಾವ ದಿನ ಎಂದು ಕಚೇರಿ ಹೇಳುವುದಿಲ್ಲ, ಅದು ರೈತನ ತೀರ್ಮಾನ. ಸಣ್ಣ ರೈತನ ಅನುಭವಕ್ಕೆ ಇಷ್ಟು ಬೆಲೆ ಕೊಟ್ಟ ಸರ್ಕಾರಿ ಯೋಜನೆಗಳು ಕಡಿಮೆ.

2023ರಿಂದ ‘ಏಕರ್ಸ್’ ಎಂಬ ಹೊಸ ಯೋಜನೆಯಡಿ ಐರ್ಲೆಂಡಿನ ಇತರ ಕಡೆಗಳಲ್ಲೂ ಸಾವಿರಾರು ರೈತರ ಜಮೀನುಗಳಿಗೆ ಅಂಕ ಬೀಳುತ್ತಿದೆ. ನನಗಿರುವ ಆತಂಕ ಒಂದೇ. ಬರ್ರೆನ್ನಿನಲ್ಲಿ ಅಂಕ ಹಾಕುವವರು ರೈತನ ಜೊತೆ ಬೆಟ್ಟ ಸುತ್ತಿ, ಅಂಕ ಯಾಕೆ ಇಳಿಯಿತು ಅಂತ ಅಲ್ಲೇ ನಿಂತು ಹೇಳುತ್ತಿದ್ದರು. ಅಷ್ಟು ಜನರ ಜೊತೆ ಹಾಗೆ ಓಡಾಡಲು ಬೇಕಾದಷ್ಟು ಸಿಬ್ಬಂದಿಯನ್ನೂ ಸರ್ಕಾರ ಕೊಡಬೇಕು.